ಐದನೇ ಅಧ್ಯಾಯ ಬಿಟ್ಟ ಪುಸ್ತಕ

ಹಿನಾತ್ಸು ಕಂಪನಿಗೆ ನೂರು ವರ್ಷ ತುಂಬಿತೆಂದು ಜಪಾನಿನ ಹೆಡ್ಡಾಫೀಸಿನವರು ತಮ್ಮ ಚರಿತ್ರೆಯ ದಪ್ಪ ಪುಸ್ತಕವೊಂದನ್ನು ಅಚ್ಚು ಹಾಕಿಸಿದ್ದರು. ಅದನ್ನು ಕನ್ನಡಕ್ಕೆ ತರುವ ಕೆಲಸ ಸುಮಿತ್ರಾಳ ಪಾಲಿಗೆ ಬಂತು. ಹಿರಿಯೂರಿನ ಹೊರಗೆ ಹೈವೇ ಪಕ್ಕದ ಆ ಕಂಪನಿಯ ಪಂಪು ಫ್ಯಾಕ್ಟರಿಯಲ್ಲಿ ಆರುನೂರು ಜನ ದುಡಿಯುತ್ತಿದ್ದರು. ಜಪಾನಿ ಓದಲು ಬರುತ್ತಿದ್ದದ್ದು ಇವಳೊಬ್ಬಳಿಗೇ. ತುರುವನೂರಿನ ಕೂಲಿಯವರ ಮಗಳು. ಐಟಿಐ ಮುಗಿಸಿ, ಪಂಪಿನ ಬಿಡಿಭಾಗಗಳ ಅಳತೆ ನೋಡುವ ಕೆಲಸಕ್ಕೆ ಸೇರಿದ್ದಳು. ಕಂಪನಿ ಮೂರು ವರ್ಷ ಟ್ರೇನಿಂಗಿಗೆ ಜಪಾನಿಗೆ ಕಳಿಸಿದಾಗ ಹಟ ಹಿಡಿದು ಭಾಷೆ ಕಲಿತಳು. ವಾಪಸು ಬಂದ ಮೇಲೆ ಆಫೀಸಿನಲ್ಲಿ ಕುರ್ಚಿ ಸಿಕ್ಕಿತು.

ಮೊದಲ ನಾಲ್ಕು ಅಧ್ಯಾಯ ಸಲೀಸಾಗಿ ಮುಗಿದವು. ಐದನೆಯದನ್ನು ಅವಳು ಎರಡು ಸಲ ಓದಿದಳು.

ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನನ್ನು ಗೆದ್ದವರ ಸೈನ್ಯ ಆಳುತ್ತಿದ್ದ ಕಾಲದ ಕಥೆ ಅದು. ಹಿನಾತ್ಸು ಯುದ್ಧವಿಮಾನಗಳಿಗೆ ಎಂಜಿನ್ ಭಾಗ ಮಾಡಿಕೊಟ್ಟಿತ್ತು. ಅದಕ್ಕೇ ಅದರ ಹೆಸರು ನಿರ್ಬಂಧದ ಪಟ್ಟಿಗೆ ಸೇರಿತು. ಅಪ್ಪಣೆಯಿಲ್ಲದೆ ಒಂದು ಲೇತ್ ಯಂತ್ರವನ್ನೂ ಮಾರುವಂತಿಲ್ಲ. ಮಾಲೀಕರ ಮನೆತನದ ಷೇರುಗಳನ್ನು ಕಿತ್ತುಕೊಂಡರು, ಅಧ್ಯಕ್ಷನನ್ನು ಕುರ್ಚಿಯಿಂದ ಇಳಿಸಿದರು. ಒಳ್ಳೊಳ್ಳೆಯ ಯಂತ್ರಗಳಿಗೆಲ್ಲ ‘ಯುದ್ಧಪರಿಹಾರಕ್ಕೆ’ ಎಂದು ಚೀಟಿ ಅಂಟಿಸಿ, ಯುದ್ಧದಲ್ಲಿ ನೊಂದ ದೇಶಗಳಿಗೆ ಕೊಡಬೇಕಾದವು, ಮುಟ್ಟಕೂಡದೆಂದರು. ಅದೇ ಹೊತ್ತಿಗೆ ಕಾರ್ಮಿಕರು ಸಂಘ ಕಟ್ಟಬಹುದು, ಯಾರೂ ತಡೆಯಕೂಡದು ಎಂಬ ಕಾನೂನೂ ಬಂತು. ಮೇಲಿನವರು ಕೈಚೆಲ್ಲಿ ಕೂತಾಗ ಸಂಘದವರೇ ಉಳಿದ ಹಳೇ ಯಂತ್ರಗಳಲ್ಲಿ ಬಾಣಲೆ, ಗುದ್ದಲಿ ಮಾಡಿ ಮಾರಿ ಫ್ಯಾಕ್ಟರಿಯ ಉಸಿರು ಹಿಡಿದಿಟ್ಟರು. ‘ಅವರು ಇಲ್ಲದಿದ್ದರೆ ಇಂದು ನಾವಿಲ್ಲ’ ಎಂದು ಪುಸ್ತಕವೇ ಒಪ್ಪಿಕೊಂಡಿತ್ತು.

ಅಧ್ಯಾಯದ ಕೊನೆಯ ಪುಟ ಮಾತ್ರ ಬೇರೆ ಥರ ಇತ್ತು. ನಾಲ್ಕು ವರ್ಷದಲ್ಲಿ ಆಳುವವರ ಮನಸ್ಸು ತಿರುಗಿತು. ಕಂಪನಿಯ ಹೆಸರು ಪಟ್ಟಿಯಿಂದ ಹೊರಬಂತು. ಹಳೇ ಅಧ್ಯಕ್ಷನ ಕಡೆಯವರು ಒಳಗೆ ಬಂದರು, ಸಂಘದ ಮುಂದಾಳುಗಳು ಎಂಬತ್ತಮೂರು ಜನ ಒಂದೇ ದಿನ ಹೊರಗೆ ಹೋದರು.

ಹಿರಿಯೂರಿನ ಫ್ಯಾಕ್ಟರಿಯಲ್ಲೂ ಆಗ ಸಂಘದ ಮಾತು ನಡೆದಿತ್ತು. ಎರಡು ತಿಂಗಳ ಹಿಂದೆ ಹನುಮೇಶ್ ಎಂಬ ಕಾಂಟ್ರಾಕ್ಟ್ ಹುಡುಗನ ಬಲಗೈ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಮಣಿಕಟ್ಟಿನವರೆಗೆ ಹೋಗಿತ್ತು. ಕೈ ಅಡ್ಡ ಬಂದರೆ ಪ್ರೆಸ್ ತಾನಾಗಿ ನಿಲ್ಲಬೇಕು. ಬೇಗ ಮಾಲು ಇಳಿಯಲೆಂದು ಹಾಗೆ ನಿಲ್ಲಿಸುವ ಸೆನ್ಸರನ್ನೇ ತೆಗೆಸಿದ್ದರು. ಹುಡುಗನ ಅಜಾಗರೂಕತೆ ಎಂದು ಬರೆದು ಕಂಪನಿ ಕೈ ತೊಳೆದುಕೊಂಡಿತು. ಪ್ರೆಸ್ ವಿಭಾಗದ ಹಿರಿಯ ಚಿತ್ತಯ್ಯ ಅವತ್ತಿನಿಂದ ಸಂಘಕ್ಕೆ ಸಹಿ ಕೂಡಿಸುತ್ತಿದ್ದ. ಹರಿಯಬ್ಬೆಯವನು, ಸುಮಿತ್ರಾಳಿಗೆ ಸೋದರಮಾವನಾಗಬೇಕು.

ಐದನೇ ಅಧ್ಯಾಯ ಮುಗಿಸಿ ಕಳಿಸಿದ ಮಾರನೇ ದಿನವೇ ಎಚ್.ಆರ್. ಮ್ಯಾನೇಜರ್ ರಾಜಶೇಖರ್ ಅವಳನ್ನು ಒಳಗೆ ಕರೆದರು.

“ಚೆನ್ನಾಗಿ ಮಾಡೀರಿ ಸುಮಿತ್ರಾ. ಆದ್ರೆ ಇದೊಂದು ಅಧ್ಯಾಯ ಬ್ಯಾಡ.”

“ಮೂಲದಾಗೆ ಐತಲ್ಲ ಸರ್.”

“ಅಲ್ಲಿರಲಿ. ಅವರ ದೇಶದ ಕಥೆ ಅದು, ನಮ್ ಹುಡುಗ್ರಿಗೆ ಯಾಕೆ? ನಾಕರ ಮುಂದೆ ಆರು ಬರ್ಲಿ. ಅದಕ್ಕೇ ಐದು ಅಂತ ನಂಬರು ಹಾಕಿದ್ರೆ ಯಾರೂ ಕೇಳಾಕಿಲ್ಲ. ನೀವು ಕೆಳಗಿಂದ ಮೇಲೆ ಬಂದೋರು, ನಿಮಗೆ ನಾನು ಹೇಳ್ಬೇಕಾ?”

ಅವಳು ಹೂಂ ಎಂದು ಹೊರಬಂದಳು. ಅಧ್ಯಾಯವನ್ನು ತೆಗೆದಳು. ನಂಬರು ಸರಿಮಾಡಿದಳು. ಆದರೆ ತೆಗೆದದ್ದನ್ನು ಅಳಿಸಿಹಾಕಲಿಲ್ಲ. ಮನೆಗೆ ಹೊರಡುವ ಮುಂಚೆ ಸಂಘದ ಕಥೆಯಿದ್ದ ಪುಟಗಳನ್ನು ಪ್ರಿಂಟ್ ತೆಗೆದಳು. ಕೊನೆಯ ಪುಟವನ್ನು ಮಾತ್ರ ಪ್ರಿಂಟ್ ಮಾಡಲಿಲ್ಲ. ಮಾವನ ಎದೆ ಕುಗ್ಗಿಸುವುದು ಬೇಡ ಅನ್ನಿಸಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಚಿತ್ತಯ್ಯ ಕಾಗದ ಮಡಚಿ ಅಂಗಿಯೊಳಗೆ ಇಟ್ಟುಕೊಂಡ. “ಇದು ಖರೇನಾ ಅವರ ಪುಸ್ತಕದಾಗೆ ಐತಾ?”

“ಒಂದಕ್ಷರ ನಂದಲ್ಲ ಮಾವ. ನಾನು ಕೊಟ್ಟೆ ಅಂತ ಮಾತ್ರ...”

“ಬಾಯಿ ಬಿಡಾಕಿಲ್ಲ ಬಿಡವ್ವ.”

ವಾರದೊಳಗೆ ಆ ಪುಟಗಳ ಜೆರಾಕ್ಸ್ ಕ್ಯಾಂಟೀನಿನ ಮೇಜು ಮೇಜಿಗೂ ಹೋಯಿತು. ಸಹಿ ಹಾಕಲು ಹಿಂದೆಮುಂದೆ ನೋಡುತ್ತಿದ್ದವರು ತಾವಾಗಿ ಬಂದರು. ಇನ್ನೂರರ ಹತ್ತಿರ ಸಹಿ ಬಿದ್ದಾಗ ಚಿತ್ತಯ್ಯನ ಕೈಗೆ ನೋಟಿಸು ಬಂತು: ಸುಳ್ಳು ಕಾಗದ ಸೃಷ್ಟಿಸಿ, ಕಂಪನಿಯ ಚರಿತ್ರೆ ಎಂದು ಹಂಚಿ, ಕೆಲಸಗಾರರನ್ನು ಎತ್ತಿಕಟ್ಟಿದ ಆರೋಪ.

ವಿಚಾರಣೆಗೆ ಜಪಾನಿನಿಂದ ಓಕಿತಾ ಎಂಬ ಹಿರಿಯ ಡೈರೆಕ್ಟರ್ ಬಂದು ಕೂತಿದ್ದರು. ಅವರಿಗೆ ಕನ್ನಡ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ದುಭಾಷಿ ಸುಮಿತ್ರಾ. ಕಾಗದ ಯಾರ ಕೈಯಿಂದ ಹೋಯಿತೆಂದು ರಾಜಶೇಖರ್ ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ಮೇಜಿನ ಒಂದು ಬದಿಗೆ ಅವಳು, ರಾಜಶೇಖರ್, ಓಕಿತಾ. ಎದುರಿಗೆ ಒಗೆದು ಇಸ್ತ್ರಿ ಮಾಡಿದ ಯೂನಿಫಾರಮ್ಮಿನಲ್ಲಿ ಚಿತ್ತಯ್ಯ.

“ಈ ಕಾಗದ ಎಲ್ಲಿಂದ ಬಂತು?” ಅಂದರು ರಾಜಶೇಖರ್.

“ಸೈಕಲ್ ಸ್ಟ್ಯಾಂಡಿನಾಗೆ ಬಿದ್ದಿತ್ತು ಸರ್.” ಚಿತ್ತಯ್ಯ ಸುಮಿತ್ರಾಳ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಓಕಿತಾ ಅವರ ಕಡೆ ತಿರುಗಿ ಕೈಮುಗಿದ. “ದೊಡ್ಡೋರು ನೀವು. ಇದು ಸುಳ್ಳಲ್ಲ, ನಿಮ್ಮದೇ ಪುಸ್ತಕದ್ದು. ನಿಮ್ಮೂರಾಗೆ ಸಂಘದೋರೇ ಕಂಪನಿ ಉಳಿಸಿದ್ರಂತೆ. ಹೌದೋ ಅಲ್ಲೋ ನೀವೇ ಹೇಳ್ರಿ. ನಾವೂ ಅಷ್ಟೇ ಕೇಳಿದ್ದು.”

ಓಕಿತಾ ಸುಮಿತ್ರಾಳ ಮುಖ ನೋಡಿದರು. ಆ ಕೋಣೆಯಲ್ಲಿ ಎರಡೂ ಕಡೆಯ ಮಾತು ತಿಳಿದವಳು ಅವಳೊಬ್ಬಳೇ. ‘ಇದು ನಿಮ್ಮ ಐದನೇ ಅಧ್ಯಾಯ’ ಎಂದು ಜಪಾನಿಯಲ್ಲಿ ಅಂದಿದ್ದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ಮೇಲೇ ಇತ್ತು.

“ಉದ್ದ ಬ್ಯಾಡ,” ಎಂದರು ರಾಜಶೇಖರ್, ಫೈಲಿನಿಂದ ತಲೆಯೆತ್ತದೆ. “ತಪ್ಪು ಒಪ್ಕಂತಿಲ್ಲ ಅಂತ ಹೇಳಿ, ಸಾಕು.”

ಅವಳು ಅಷ್ಟನ್ನೇ ಹೇಳಿದಳು. ಓಕಿತಾ ನಿಧಾನವಾಗಿ ತಲೆಯಾಡಿಸಿ ಏನೋ ಬರೆದುಕೊಂಡರು. ಚಿತ್ತಯ್ಯನಿಗೆ ಜಪಾನಿ ಬಾರದಿದ್ದರೂ, ತಾನು ಅಷ್ಟು ಮಾತಾಡಿದ್ದಕ್ಕೆ ಇವಳು ಆಡಿದ್ದು ಎಷ್ಟು ಚಿಕ್ಕದೆಂದು ಗೊತ್ತಾಯಿತು. ಆಗ ಮೊದಲ ಸಲ ಅವಳನ್ನು ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಅವಳು ನೀರಿನ ಲೋಟಕ್ಕೆ ಕೈ ಚಾಚಿದಳು.

ಮೂರನೇ ದಿನ ಅವನನ್ನು ಕೆಲಸದಿಂದ ತೆಗೆದರು. ಸಹಿ ಹಾಕಿದವರು ಒಬ್ಬೊಬ್ಬರೇ ಎಚ್.ಆರ್. ಬಾಗಿಲಿಗೆ ಹೋಗಿ, ತಮ್ಮ ಸಹಿ ವಾಪಸು ಪಡೆದೆವೆಂದು ಬರೆದುಕೊಟ್ಟರು. ಪುಸ್ತಕ ಅಚ್ಚಾಗಿ ಬಂತು. ನಾಲ್ಕರ ಮುಂದಿನದು ಐದೇ ಆಗಿತ್ತು, ಯಾರಿಗೂ ಏನೂ ಅನ್ನಿಸಲಿಲ್ಲ. ಕೊನೆಯ ಹಾಳೆಯಲ್ಲಿ ‘ಅನುವಾದ: ಸುಮಿತ್ರಾ’ ಎಂದಿತ್ತು.

ಭಾನುವಾರ ಅವಳು ಹರಿಯಬ್ಬೆಗೆ ಹೋದಳು. ಚಿತ್ತಯ್ಯನ ಹೆಂಡತಿ ಬೊಮ್ಮಕ್ಕ ಬಾಗಿಲಲ್ಲಿ ಅವಳನ್ನು ಕಂಡವಳೇ ಪಕ್ಕಕ್ಕೆ ಸರಿದು ಒಳಗೆ ಹೋದಳು. ಚಿತ್ತಯ್ಯನೇ ಚಾಪೆ ಹಾಸಿದ.

“ಕುಂತ್ಕಳವ್ವ.”

“ನೀನು ಹೇಳಿದ್ದನ್ನ ನಾನು ಅವರಿಗೆ ಹೇಳ್ಲಿಲ್ಲ ಮಾವ.”

“ಗೊತ್ತಾತು.”

“ಇನ್ನೊಂದೈತೆ. ಕೊನೇ ಪುಟ ನಿನಗೆ ಕೊಟ್ಟೇ ಇರ್ಲಿಲ್ಲ.” ಬ್ಯಾಗಿನಿಂದ ತೆಗೆದು ಓದಿದಳು. ಪಟ್ಟಿಯಿಂದ ಹೆಸರು ಹೊರಬಂದದ್ದು, ಹಳಬರು ವಾಪಸಾದದ್ದು, ಎಂಬತ್ತಮೂರು ಜನರನ್ನು ತೆಗೆದದ್ದು.

ಚಿತ್ತಯ್ಯ ಹಾಳೆಯನ್ನು ಇಸಕೊಂಡು ನೋಡಿದ. “ಆ ಎಂಬತ್ಮೂರು ಜನ ಆಮ್ಯಾಕೆ ಏನಾದ್ರು?”

“ಬರೆದಿಲ್ಲ. ಮುಂದಿನ ಪುಟದಿಂದ ಹೊಸ ಪಂಪು, ಹೊಸ ಫ್ಯಾಕ್ಟರಿ.”

“ಇದನ್ನೂ ಕೊಡಬೇಕಾಗಿತ್ತು ನೀನು,” ಎಂದ ಅವನು. ದನಿ ಏರಲಿಲ್ಲ. “ಹಿಂಗೂ ಆಗಬೌದು ಅಂತ ತಿಳಿದೇ ಸಹಿ ಹಾಕ್ತಿದ್ರು, ಹಾಕೋರು. ತಿಳೀದೆ ಹಾಕಿದ್ರು ನೋಡು, ಅದಕ್ಕೇ ಒಂದು ನೋಟಿಸಿಗೆ ಚೆದುರಿಹೋದ್ರು. ನಂಗೂ ಗೊತ್ತಿರ್ಲಿಲ್ಲ.”

ಅವಳಿಗೆ ಅಳು ಬಂತು. ಅವನು ಸಮಾಧಾನ ಮಾಡಲಿಲ್ಲ. ಬೊಮ್ಮಕ್ಕ ಒಳಗಿನಿಂದ ಚಹಾ ತಂದು ಅವಳ ಮುಂದೆ ಕುಕ್ಕಿ ಹೋದಳು.

ಮಾರನೇ ದಿನ ಸುಮಿತ್ರಾ ರಜೆ ಹಾಕಿ ಚಿತ್ರದುರ್ಗದ ಬಸ್ಸು ಹತ್ತಿದಳು. ಚಿತ್ತಯ್ಯ ಅಲ್ಲಿನ ಲೇಬರ್ ಆಫೀಸಿಗೆ ದೂರು ಕೊಟ್ಟಿದ್ದ. ಅದರ ಜೊತೆಗೆ ತನ್ನ ಹೇಳಿಕೆಯನ್ನು ಕೊಟ್ಟಳು. ಹಂಚಿದ ಕಾಗದ ಕಂಪನಿಯ ಪುಸ್ತಕದ್ದೇ, ಅನುವಾದ ನನ್ನದೇ, ಕೊಟ್ಟವಳೂ ನಾನೇ. ಮೂಲ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಗುಮಾಸ್ತ ಅದನ್ನು ತಿರುಗಿಸಿ ನೋಡಿ, ಇದನ್ನು ಇಲ್ಲಿ ಯಾರು ಓದ್ತಾರಮ್ಮ ಎಂದ.

ಕಂಪನಿ ಅವಳನ್ನೂ ಹೊರಗೆ ಹಾಕಿತು, ಗುಟ್ಟಿನ ಕಾಗದ ಹೊರಗೆ ಕೊಟ್ಟಳೆಂದು. ಚಿತ್ತಯ್ಯ ಹಿರಿಯೂರಿನ ಈರುಳ್ಳಿ ಮಂಡಿಯಲ್ಲಿ ಮೂಟೆ ಹೊರಲು ಹೋಗತೊಡಗಿದ. ಕೈ ಹೋದ ಹನುಮೇಶ್‌ಗೆ ಗೇಟಿನಲ್ಲಿ ಕೂರುವ ಕೆಲಸ ಕೊಡುತ್ತೇವೆಂದಿದ್ದರು. ಅದೂ ಮಾತಾಗಿಯೇ ಉಳಿಯಿತು.

ಏಳು ತಿಂಗಳ ಮೇಲೆ ಲೇಬರ್ ಆಫೀಸಿನವರು ಅವಳನ್ನು ಸಾಕ್ಷಿಗೆ ಕರೆದರು. ಕಂಪನಿಯ ಪರ ಬಂದಿದ್ದ ವಕೀಲ ಕೇಳಿದ್ದು ಒಂದೇ ಪ್ರಶ್ನೆ.

“ಇದು ನಿಜವೇ ಆಗಿದ್ರೆ, ಡೈರೆಕ್ಟರ್ ಎದುರಿಗೆ ಕೂತಿದ್ದಾಗ ಯಾಕೆ ಹೇಳ್ಲಿಲ್ಲ? ಅವತ್ತು ಬಾಯಿ ಇರ್ಲಿಲ್ವೇನು?”

ಮೂಲೆಯ ಬೆಂಚಿನ ಮೇಲೆ ಚಿತ್ತಯ್ಯ ಕೂತಿದ್ದ.

“ಹೆದರಿದ್ದೆ,” ಎಂದಳು ಸುಮಿತ್ರಾ.

“ಜೋರಾಗಿ ಹೇಳಿ.”

“ಕೆಲಸ ಹೋಗುತ್ತೆ ಅಂತ ಹೆದರಿದ್ದೆ.”

ಅಧಿಕಾರಿ ಅದನ್ನು ಬರೆಸಿದರು. ಅವಳು ಓದಿ ನೋಡಿ, ಕೆಳಗೆ ಸಹಿ ಹಾಕಿದಳು. ಮುಂದಿನ ವಾಯಿದೆ ನಾಲ್ಕು ತಿಂಗಳ ಮೇಲೆ ಬಿತ್ತು. ಇಬ್ಬರೂ ಹೊರಗೆ ಬಂದು, ಬಿಸಿಲಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.