ಚೆಂಬು ಹಿಡಿದ ಹಗಲು

ಪಂಚಾಯತಿನ ಜವಾನ ಗುರುವಪ್ಪ ನೋಟೀಸನ್ನು ಓದಿ ಹೇಳುತ್ತಿದ್ದಾಗಲೂ ಪೂವಮ್ಮನ ಬೆರಳುಗಳು ಬೀಡಿ ಸುರುಟುವುದನ್ನು ನಿಲ್ಲಿಸಲಿಲ್ಲ. ಖಾಸಗಿ ಸ್ಥಳದಲ್ಲಿ ಬೆಳೆದು, ನೆರೆಹೊರೆಯವರಿಗೆ ಉಪದ್ರವವಾಗುವ ಕಳೆ, ಪೊದೆ, ಮುಳ್ಳುಕಂಟಿಗಳನ್ನು ಸ್ಥಳದ ಒಡೆಯರು ಹದಿನೈದು ದಿನಗಳೊಳಗೆ ಕಡಿಸತಕ್ಕದ್ದು. ತಪ್ಪಿದಲ್ಲಿ ಪಂಚಾಯತೇ ಕಡಿಸಿ, ಖರ್ಚನ್ನು ಅವರಿಂದಲೇ ವಸೂಲು ಮಾಡತಕ್ಕದ್ದು.

"ಓದಿ ಆಯಿತಾ?"

"ಆಯಿತು ಪೂವಕ್ಕ. ಇಲ್ಲೊಂದು ಹೆಬ್ಬೆಟ್ಟು ಒತ್ತಬೇಕು."

"ಬೆರಳಿಗೆ ಹೊಗೆಸೊಪ್ಪು ಹಿಡಿದುಂಟು. ಪೂವಮ್ಮ ಕಡಿಯುವುದಿಲ್ಲವಂತೆ ಅಂತ ನಿನ್ನ ಅಧ್ಯಕ್ಷ ಪ್ರಭುಗಳಿಗೆ ಹೇಳು."

"ಎಂತಕ್ಕೆ ಅಂತ ಕೇಳಿದರೆ ಏನು ಹೇಳಲಿ?"

"ಮನೆಗೆ ಹೋಗಿ ನಿನ್ನ ಹೆಂಡತಿಯ ಹತ್ತಿರ ಕೇಳು ಮಾರಾಯ."

ಗುರುವಪ್ಪ ತಲೆ ತಗ್ಗಿಸಿ, ಕೊಡೆ ಬಿಡಿಸಿ ಹೊರಟುಹೋದ. ಅವನಿಗೂ ಗೊತ್ತಿತ್ತು. ಅತ್ತಿಕಟ್ಟೆಯಲ್ಲಿ ಅದು ಯಾರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ; ಬಾಯಿ ಬಿಟ್ಟು ಹೇಳುವವರು ಮಾತ್ರ ಇರಲಿಲ್ಲ.

ಮಡಂತ್ಯಾರು ದಾಟಿ ಬೆಳ್ತಂಗಡಿಯತ್ತ ಹೋಗುವ ಬಸ್ಸು ಒಂದು ಗಳಿಗೆ ನಿಂತು ಹೋಗುವ ಸಣ್ಣ ಪೇಟೆ ಅತ್ತಿಕಟ್ಟೆ. ರಸ್ತೆಯ ಒಂದು ಬದಿಗೆ ಅಂಗಡಿಗಳ ಸಾಲು, ಅಂಗಡಿಗಳ ಹಿಂದೆಯೇ ಮನೆಗಳು. ಆ ಮನೆಗಳಿಗೆ ಅಂಗಳವಿಲ್ಲ, ಹಿತ್ತಲಿಲ್ಲ, ಪಾಯಿಖಾನೆಯ ಮಾತಂತೂ ಇಲ್ಲವೇ ಇಲ್ಲ. ಗಂಡಸರು ಹೊಳೆಯ ಬದಿಗೆ ಯಾವ ಹೊತ್ತಿಗೂ ಹೋಗಿ ಬರುತ್ತಿದ್ದರು. ಹೆಂಗಸರಿಗೆ ಇದ್ದದ್ದು ಪೂವಮ್ಮನ ಜಾಗ ಒಂದೇ. ತಾಯಿಯಿಂದ ಮಗಳ ಪಾಲಿಗೆ ಬಂದ ಆ ತುಂಡು ನೆಲದಲ್ಲಿ ನೆಕ್ಕರೆ, ಕುಂಟಾಲ, ಕೇಪುಳದ ಪೊದೆಗಳು ಒಂದಕ್ಕೊಂದು ಹೆಣೆದುಕೊಂಡು ಆಳೆತ್ತರಕ್ಕೆ ಬೆಳೆದಿದ್ದವು. ಬೆಳಕು ಹರಿಯುವ ಮುನ್ನ ಚೆಂಬು ಹಿಡಿದ ನೆರಳುಗಳು ಅದರೊಳಗೆ ಹೋಗಿ ಬರುತ್ತಿದ್ದವು. ಬಸುರಿಯರು, ಮುದುಕಿಯರು, ಹೊಸದಾಗಿ ಮದುವೆಯಾಗಿ ಬಂದವರು, ಎಲ್ಲರೂ. ಪೂವಮ್ಮನ ತಾಯಿ ಆ ಪೊದೆಗಳಿಗೆ ಕತ್ತಿ ತಾಗಿಸಿದವಳಲ್ಲ. ಪೂವಮ್ಮನೂ ತಾಗಿಸಿರಲಿಲ್ಲ.

ಈಗ ಪಂಚಾಯತಿನ ಅಧ್ಯಕ್ಷ ಗಜಾನನ ಪ್ರಭುಗಳಿಗೆ ಅದು ಕಣ್ಣಿಗೆ ಚುಚ್ಚತೊಡಗಿತ್ತು. ಬ್ಲಾಕಿನ ಅಧಿಕಾರಿ ಊರು ನೋಡಲು ಬರುವವರಿದ್ದರು. ಚೊಕ್ಕಟವಾದ ಗ್ರಾಮಕ್ಕೆ ಬಹುಮಾನವೂ ಇತ್ತು. ಬಸ್ಸಿನಿಂದ ಇಳಿದವರ ಎದುರಿಗೇ ಕಾಡು ನಿಂತರೆ ಹೇಗೆ?

ಪಂಚಾಯತಿನ ಸಭೆಗೆ ಪೂವಮ್ಮನನ್ನು ಕರೆಸಿದರು. ಬೆಂಚುಗಳ ತುಂಬ ಗಂಡಸರು. ಪ್ರಭುಗಳು ಕನ್ನಡಕ ಒರೆಸಿಕೊಂಡು ಕೇಳಿದರು:

"ಕಡಿಯುವುದಿಲ್ಲ ಅಂದರೆ ಕಾರಣ ಬೇಕಲ್ಲ? ಹೇಳು. ನಾಗನ ಕಲ್ಲು ಉಂಟಾ ಒಳಗೆ?"

"ಇಲ್ಲ."

"ಮದ್ದಿನ ಗಿಡ ಉಂಟಾ?"

"ಅದೂ ಇಲ್ಲ."

"ಮತ್ತೆಂತಕ್ಕೆ ಸಾಕ್ತೀ ಅದನ್ನು? ಹುಲಿ ಕಟ್ಟಲಿಕ್ಕಾ?"

ಬೆಂಚುಗಳು ನಕ್ಕವು. ಎದುರಿಗೆ ಕುಳಿತವರಲ್ಲಿ ಪ್ರತಿಯೊಬ್ಬನ ಹೆಂಡತಿಯನ್ನೂ ತಾಯಿಯನ್ನೂ ಪೂವಮ್ಮ ಬೆಳಗಿನ ಮಬ್ಬಿನಲ್ಲಿ ಕಂಡವಳು. ಅವರ ಮಾನವನ್ನು ಇವರ ನಗೆಯ ಎದುರಿಗೆ ಬಿಚ್ಚಿಡುವುದು ಹೇಗೆ? "ಕಡಿಯುವುದಿಲ್ಲ" ಎಂದಷ್ಟೇ ಮತ್ತೊಮ್ಮೆ ಹೇಳಿ, ಸೆರಗು ಬಿಗಿದು ಹೊರಬಂದಳು. ಮನೆ ಸೇರುವವರೆಗೂ ಅವಳ ಕಿವಿ ಬಿಸಿಯಾಗಿಯೇ ಇತ್ತು. ನಾಚಿಕೆಪಟ್ಟದ್ದು ತಾನು, ಪಡಬೇಕಾದವರು ಬೆಂಚಿನ ಮೇಲೆ ಕುಳಿತು ನಕ್ಕರು. ಈ ಲೆಕ್ಕ ಅವಳಿಗೆ ಸರಿಕಾಣಲಿಲ್ಲ.

ಸಂಜೆ ಬಾವಿಕಟ್ಟೆಯಲ್ಲಿ ಕ್ಷೌರದಂಗಡಿಯ ಕಾಂತಿ ಅಳುವ ದನಿಯಲ್ಲಿ ಕೇಳಿದಳು: "ಕಡಿದರೆ ನಾವೆಲ್ಲಿಗೆ ಹೋಗುವುದು ಪೂವಕ್ಕ? ನನಗೀಗ ಏಳು ತಿಂಗಳು."

"ಕಡಿಯಲಿಕ್ಕೆ ಬರುವ ದಿನ ಎಲ್ಲರೂ ಚೆಂಬು ಹಿಡಿದು ಬನ್ನಿ. ಕತ್ತಲೆಯಲ್ಲಿ ಅಲ್ಲ, ಸರೀ ಹಗಲಿಗೆ."

"ಅಯ್ಯೋ, ಗಂಡಸರು ನೋಡ್ತಾರೆ."

"ನೋಡಲಿ. ತಲೆ ಯಾರು ತಗ್ಗಿಸ್ತಾರೆ ನೋಡುವ."

ಗಡುವು ಮುಗಿಯಿತು. ಬ್ಲಾಕಿನ ಅಧಿಕಾರಿಯ ಜೀಪು ಬರುವ ದಿನವೇ ಪ್ರಭುಗಳು ನಾಲ್ವರು ಕೂಲಿಯಾಳುಗಳನ್ನು ಕತ್ತಿ ಸಹಿತ ಕರೆತಂದರು. ಕೆಲಸ ನಡೆಯುತ್ತಿರುವುದನ್ನು ಅಧಿಕಾರಿಯೇ ಕಾಣಲಿ ಎಂಬ ಆಸೆ. ಜೀಪು ನಿಂತಿತು. ಅಧಿಕಾರಿ ಇಳಿದರು. ಗುರುವಪ್ಪ ಅವರಿಗೆ ಕೊಡೆ ಹಿಡಿದ.

ಆಗ ಅಂಗಡಿಗಳ ನಡುವಿನ ಓಣಿಯಿಂದ ಪೂವಮ್ಮ ಹೊರಬಂದಳು. ಕೈಯಲ್ಲಿ ತುಂಬಿದ ತಾಮ್ರದ ಚೆಂಬು. ಹಿಂದೆ ಕಾಂತಿ, ಅವಳ ಹಿಂದೆ ಗುರುವಪ್ಪನ ಹೆಂಡತಿ, ಆಮೇಲೆ ಸಾಲು. ತಾಮ್ರದ್ದು, ಹಿತ್ತಾಳೆಯದು, ಮೂತಿ ನೆಗ್ಗಿದ ಅಲ್ಯೂಮಿನಿಯಮ್ಮಿನದು, ಒಬ್ಬ ಮುದುಕಿಯ ಕೈಯಲ್ಲಿ ತೆಂಗಿನ ಗರಟೆ. ಹಗಲು ಹನ್ನೊಂದರ ಬಿಸಿಲಿನಲ್ಲಿ, ನಡುಪೇಟೆಯಲ್ಲಿ. ಸೋಡಾ ಕುಡಿಯುತ್ತಿದ್ದವರು ಬಾಟಲಿಯೊಳಗಿನ ಗೋಲಿ ನೋಡತೊಡಗಿದರು. ಜವಳಿಯಂಗಡಿಯವನು ಅಳೆದ ಬಟ್ಟೆಯನ್ನೇ ಮತ್ತೆ ಅಳೆದ. ಮೊನ್ನೆ ನಕ್ಕವರಲ್ಲಿ ಒಬ್ಬನೂ ತಲೆ ಎತ್ತಲಿಲ್ಲ.

ಸಾಲು ಪೊದೆಗಳ ಮುಂದೆ ಬಂದು ನಿಂತಿತು. ಕೂಲಿಯಾಳುಗಳು ಕತ್ತಿಯನ್ನು ಬೆನ್ನ ಹಿಂದೆ ಅಡಗಿಸಿದರು.

"ಇದೆಂತ ಇದು?" ಅಧಿಕಾರಿ ಕೇಳಿದರು.

ಪ್ರಭುಗಳು ಕೆಮ್ಮಿದರು. ಪೂವಮ್ಮ ಕೆಮ್ಮಲಿಲ್ಲ.

"ಸ್ವಾಮೀ, ನೆರೆಹೊರೆಯವರಿಗೆ ಉಪದ್ರ ಆಗುವ ಪೊದೆ ಕಡಿಯಬೇಕು ಅಂತ ನೋಟೀಸು. ನನ್ನ ನೆರೆಹೊರೆ ಇವರೇ. ಕೇಳಿ ನೋಡಿ, ಒಬ್ಬಳಿಗಾದರೂ ಉಪದ್ರ ಉಂಟಾ ಅಂತ. ಇರುವುದು ಇದೊಂದೇ ಮರೆ. ಪ್ರಭುಗಳ ಹಿತ್ತಲಲ್ಲಿ ಹೋದ ವರ್ಷ ಸಿಮೆಂಟಿನದ್ದು ಕಟ್ಟಿಸಿದ್ದಾರೆ. ಇದನ್ನು ಕಡಿದರೆ ನಾವು ಅಲ್ಲಿಗೆ ಹೋಗ್ತೇವೆ. ದಿನಾ ಹೋಗ್ತೇವೆ."

"ನನ್ನ ಮನೆಗಾ?" ಪ್ರಭುಗಳ ದನಿ ಸಣ್ಣದಾಯಿತು.

ರಸ್ತೆಯಾಚೆ ಅವರದೇ ಮನೆಯ ಗೇಟು ಕಿರ್ರೆಂದಿತು. ಅವರ ಹೆಂಡತಿ ಮನೋರಮಾಬಾಯಿ ಅದನ್ನು ಪೂರ್ತಿ ತೆರೆದು, ಮುಚ್ಚಿಹೋಗದಂತೆ ಒಂದು ಕಲ್ಲು ಇಟ್ಟರು. ಹೋದ ವರ್ಷದವರೆಗೆ ಅವರೂ ಈ ಪೊದೆಗಳ ನಡುವೆ ಬಂದು ಹೋದವರೇ. ಕಲ್ಲಿಟ್ಟು ಒಳಗೆ ಹೋದರು.

ಅಧಿಕಾರಿ ಆ ಗೇಟನ್ನು ನೋಡಿದರು, ಚೆಂಬುಗಳನ್ನು ನೋಡಿದರು. ಅವರ ಮುಖವೂ ಕೆಂಪಾಗಿತ್ತು. "ಪ್ರಭುಗಳೇ, ಕತ್ತಿ ಒಳಗಿಡಿಸಿ. ಮೊದಲು ಹೆಂಗಸರಿಗೆ ಜಾಗ ಕಟ್ಟಿಸಿ, ಆಮೇಲೆ ಬಹುಮಾನದ ಮಾತು" ಎಂದು ಹೇಳಿ ಜೀಪು ಹತ್ತಿದರು.

ಕೂಲಿಯಾಳುಗಳು ಹೋದರು. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಚೆಂಬಿನಿಂದ ಚೆಂಬಿಗೆ ಹರಿಯಿತು. ಗುರುವಪ್ಪ ಮೆಲ್ಲಗೆ ಹತ್ತಿರ ಬಂದ.

"ನೋಟೀಸು ಏನು ಮಾಡಲಿ ಪೂವಕ್ಕ? ಹೆಬ್ಬೆಟ್ಟು ಇನ್ನೂ ಬಾಕಿ ಉಂಟು."

"ಇಟ್ಟುಕೊ. ಕಟ್ಟಿಸಿದ ದಿನ ತಾ. ಅವತ್ತು ಒತ್ತಿ, ನಾನೇ ಕಡಿದು ಕೊಡ್ತೇನೆ."

ಅವಳು ಹಿಂದಿರುಗಿ ನೋಡದೆ, ತುಂಬಿದ ಚೆಂಬಿನೊಡನೆ ಪೊದೆಗಳ ಒಳಗೆ ನಡೆದಳು. ಹಗಲಿನಲ್ಲಿ ಆ ದಾರಿ ಹಿಡಿದದ್ದು ಅದೇ ಮೊದಲು.