ಹೆಳವಯ್ಯನ ಪುಸ್ತಕದಲ್ಲಿ ಇಲ್ಲದ ಹೆಸರುಗಳು

ನಮ್ಮ ಕಡೆ ಮನೆಯೊಳಗಿನ ಕಾಯಿಲೆಯನ್ನು ಹೊಸ್ತಿಲು ದಾಟಿಸುವುದಿಲ್ಲ. ಮದುವೆಗೆ ಹೆಣ್ಣುಮಕ್ಕಳಿದ್ದರಂತೂ ಕೇಳುವುದೇ ಬೇಡ. ಕ್ಯಾನ್ಸರ್ ಎಂಬ ಮಾತು ಹೊರಗೆ ಬಿದ್ದರೆ ನೆಂಟಸ್ತನ ಮುರಿಯುತ್ತದೆ ಎಂಬ ಹೆದರಿಕೆ. ನಾನೂ ಹಾಗೆ ಹೆದರಿದವನೇ.

ನಾನು ಭಾನುವಳ್ಳಿಯ ಕೆಂಚವೀರಪ್ಪ. 1997ರ ಕಾರ್ತಿಕದಲ್ಲಿ ನನ್ನ ಮಗಳು ಕೊಟ್ರಮ್ಮ ಶಿವನ ಪಾದ ಸೇರಿದಳು. ಅವಳಿಗೆ ಮೂವತ್ತಾರು ವರ್ಷ. ಎದೆಯಲ್ಲಿ ಎದ್ದ ಗಂಟನ್ನು ಎಂಟು ತಿಂಗಳು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ನಮಗೆ ಗೊತ್ತಾದಾಗ ಹೊತ್ತು ಮೀರಿತ್ತು. ಬೆಳಗಿನ ಪೂಜೆಗೆ ಅವಳೇ ಹೂ ಕೊಯ್ದು ಕೊಡುತ್ತಿದ್ದಳು. ಈಗ ನಾನು ಕೊಯ್ಯುತ್ತೇನೆ. ಒಂದು ಹೂವನ್ನು ಅವಳ ಹೆಸರಿಗೆ ಗಿಡದಲ್ಲೇ ಬಿಡುತ್ತೇನೆ.

ಮರುವರ್ಷ ಯುಗಾದಿ ಕಳೆದ ಮೇಲೆ ನಮ್ಮ ಮನೆಗೆ ಹೆಳವಯ್ಯ ಬಂದ. ಹೆಳವರೆಂದರೆ ಎತ್ತಿನ ಮೇಲೆ ಊರೂರು ತಿರುಗಿ, ಮನೆತನದ ವಂಶಾವಳಿಯನ್ನು ಓದಿ ಹೇಳುವವರು. ಅಂದು ನನ್ನ ತಂಗಿ ಬಸವಣ್ಣೆಮ್ಮ ದಾವಣಗೆರೆಯ ಸರಸ್ವತಿ ನಗರದಿಂದ ಬಂದಿದ್ದಳು. ಅವಳ ಮಗಳು ಪೂಜಾಳಿಗೆ ಹರಿಹರದ ಗಂಡು ಗೊತ್ತಾಗುವುದರಲ್ಲಿತ್ತು. ಬಳೆ ಮಾರುವ ಮಾಬೂಬೀ ಜಗಲಿಯ ಮೇಲೆ ಮಲಾರ ಇಳಿಸಿ ಕೂತಿದ್ದಳು. ಕೊಟ್ರಮ್ಮನ ಶಾಲೆಯ ಗೆಳತಿ ವಾಣಿಯೂ ನನ್ನನ್ನು ಮಾತಾಡಿಸಲು ಬಂದಿದ್ದಳು. ಅವಳು ಜೀವಶಾಸ್ತ್ರ ಓದಿ, ಕಂಪ್ಯೂಟರಿನ ನೆರವಿನಿಂದ ಕ್ಯಾನ್ಸರ್ ಕುರಿತು ಸಂಶೋಧನೆ ಮಾಡುತ್ತಾಳೆ.

"ಅಪ್ಪಾಜಿ, ನಿಮ್ಮ ವಂಶದಾಗ ಈ ಕಾಯಿಲೆ ಬೇರೆ ಯಾರಿಗಾದ್ರೂ ಇತ್ತೇನ್ರಿ?" ಎಂದು ವಾಣಿ ಕೇಳಿದಳು.

"ಏಳು ತಲೆ ಹುಡುಕಿದ್ರೂ ಇಲ್ಲವ್ವ. ಬೇಕಾದ್ರೆ ಹೆಳವಯ್ಯನ್ನ ಕೇಳು. ಪುಸ್ತಕಾನೇ ಐತೆ," ಎಂದೆ.

ಹೆಳವಯ್ಯ ಪುಸ್ತಕ ಬಿಚ್ಚಿ ರಾಗವಾಗಿ ಓದಿದ. ಅಜ್ಜ, ಮುತ್ತಜ್ಜ, ಅವರ ಅಣ್ಣತಮ್ಮಂದಿರು. ನನಗೆ ಎದೆಯುಬ್ಬಿತು.

"ಹೆಣ್ಮಕ್ಕಳ ಹೆಸರು ಯಾಕ ಓದಲಿಲ್ರಿ?" ಎಂದಳು ವಾಣಿ.

"ಅವ್ರು ಕೊಟ್ಟ ಮನೀಗೆ ಹೋದ್ರಲ್ಲ ತಾಯಿ. ಇಲ್ಲಿ ಬರೆಯಂಗಿಲ್ಲ."

"ಕೊಟ್ಟ ಮನೆ ಪುಸ್ತಕದಾಗ ಇರ್ತಾರೇನು?"

ಹೆಳವಯ್ಯ ತಲೆ ಕೆರೆದುಕೊಂಡ. "ಅಲ್ಲೂ ಗಂಡುಮಕ್ಳ ಹೆಸರೇರಿ."

ಮಾಬೂಬೀ ಕಿಸಕ್ಕನೆ ನಕ್ಕಳು. "ಹಂಗಾದ್ರೆ ಇಷ್ಟೂ ಗಂಡಸ್ರನ್ನ ಹಡೆದೋರು ಯಾರಪಾ? ನಿನ್ನ ಎತ್ತೇನು?"

ಹೆಳವಯ್ಯನೂ ನಕ್ಕ. ಮಾಬೂಬೀ ಮಾತ್ರ ನಗು ನಿಲ್ಲಿಸಿ ವಾಣಿಯ ಕಡೆ ತಿರುಗಿದಳು. "ನನ್ನ ಕೇಳವ್ವ. ಈ ಮನೆ ಹೆಣ್ಮಕ್ಳ ಕೈಯೆಲ್ಲ ನಮ್ಮವ್ವ, ನಾನು ಹಿಡಿದೀವಿ. ಯಜಮಾನ್ರ ಸೋದರತ್ತೆ ಅಂಜಿನವ್ವನ್ನ ಮಾಯಕೊಂಡಕ್ಕೆ ಕೊಟ್ಟಿದ್ರು. ಕಡೇ ಸಲ ಹೋದಾಗ ಎಡಗೈ ಬಾತು ಬಳೆ ಏರ್ಲಿಲ್ಲ. ಎದ್ಯಾಗ ಗಂಟಾಗೈತೆ, ಯಾರಿಗೂ ಹೇಳಬ್ಯಾಡ ಅಂದಿದ್ಲು. ಅಂಜಿನವ್ವನ ತಂಗೀದೂ ಅದೇ ಕತೆ."

ಅತ್ತೆ ಕಾಮಾಲೆಯಿಂದ ತೀರಿಕೊಂಡಳೆಂದು ನಮಗೆಲ್ಲ ಹೇಳಿದ್ದರು. ನನಗೆ ಸಿಟ್ಟು ಬಂತು.

"ಸಾಕು ಮಾಬೂಬೀ! ಪೂಜಾನ ಮದುವೆ ಮಾತು ನಡೆದೈತೆ. ಸತ್ತೋರ ಕಾಯಿಲೆ ಎತ್ತಬ್ಯಾಡ. ಎಲ್ಲಾ ಶಿವನಿಚ್ಛೆ."

ವಾಣಿ ಮೆಲ್ಲಗೆ ಕೇಳಿದಳು: "ಅಪ್ಪಾಜಿ, ನೀರುಗಂಟಿ ಕಾಲುವೆ ತೂಬು ಮುಚ್ಚದಿದ್ರೆ ಏನಾಗ್ತೈತೆ?"

"ಇನ್ನೇನು, ಗದ್ದೆ ಮುಳುಗ್ತೈತೆ."

"ಮೈಯೊಳಗೂ ಹಂಗೇರಿ. ಯಾವಾಗ ಬೆಳೀಬೇಕು, ಯಾವಾಗ ನಿಲ್ಲಬೇಕು ಅಂತ ಒಂದೊಂದು ಜೀವಕೋಶದಾಗೂ ಬರೆದೈತೆ. ಅದಕ್ಕೆ ವಂಶವಾಹಿ ಅಂತೀವಿ. ಅವನ್ನ ತೆರೆಯಕ್ಕೆ, ಮುಚ್ಚಕ್ಕೆ ತೂಬಿದ್ದಂಗೆ ಇರ್ತಾವೆ. ತೂಬು ಕೆಟ್ರೆ ಬೆಳೆಯೋದು ನಿಲ್ಲಲ್ಲ. ಅದೇ ಕ್ಯಾನ್ಸರ್ ಗಡ್ಡೆ. ಯಾವ ತೂಬು ಕೆಟ್ಟೈತೆ ಅಂತ ಕಂಪ್ಯೂಟರಿನಾಗ ಹುಡುಕೋದು ನನ್ನ ಕೆಲಸ."

"ಅದಕ್ಕೂ ನಮ್ಮ ಅತ್ತೆಗೂ ಏನವ್ವ ಸಂಬಂಧ?"

"ಬಹಳ ಜನಕ್ಕೆ ವಯಸ್ಸಾದಂಗೆ ಕೆಡ್ತೈತೆ. ಕೆಲವೇ ಮನೆಗಳಾಗ ಹುಟ್ಟಿನಿಂದ್ಲೇ ಒಂದು ತೂಬು ಸಡಿಲ ಇರ್ತೈತೆ. ಆ ಮನೇರಿಗೆಲ್ಲ ರೋಗ ಬಂದೇ ಬರ್ತೈತೆ ಅಂತಲ್ಲ, ಎಚ್ಚರ ಇರಬೇಕು ಅಷ್ಟೆ. ಅದು ತಾಯಿ ಕಡೆಯಿಂದ ಬರಬಹುದು, ತಂದೆ ಕಡೆಯಿಂದಲೂ ಬರಬಹುದು. ಶಾಪ ಅಲ್ಲರೀ, ಮುಟ್ಟಿದ್ರೆ ಅಂಟೋದೂ ಅಲ್ಲ."

ತಂದೆ ಕಡೆಯಿಂದಲೂ ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆ ಕಡೆ ನನ್ನ ತಂದೆಯ ಅಕ್ಕತಂಗಿಯರು, ಈ ಕಡೆ ನನ್ನ ಮಗಳು. ನಡುವೆ ನಿಂತವನು ನಾನು. ಅದೇ ತಂದೆಗೆ ಹುಟ್ಟಿದ ಇನ್ನೊಬ್ಬಳು ಪಕ್ಕದಲ್ಲೇ ಕೂತಿದ್ದಳು. ನಾನು ತಂಗಿಯ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ಅಣ್ಣ," ಎಂದಳು ಬಸವಣ್ಣೆಮ್ಮ. "ನಂಗೂ ಒಂದು ಐತೆ. ಹುಣಸೆಬೀಜದಷ್ಟು. ನೋವೇನೂ ಇಲ್ಲ. ಪೂಜಾನ ಮದುವೆ ಆಗಿಬಿಡ್ಲಿ ಅಂತ ಸುಮ್ಮನಿದ್ದೆ."

ನೋವೇನೂ ಇಲ್ಲ ಎಂದೇ ಕೊಟ್ರಮ್ಮನೂ ಹೇಳಿದ್ದಳು.

ವಾಣಿ ಅವಳ ಕೈ ಹಿಡಿದಳು. "ಗಂಟಾದದ್ದೆಲ್ಲ ಕ್ಯಾನ್ಸರೇ ಆಗಿರಲ್ಲ ಅತ್ತೆ. ನಾನು ಡಾಕ್ಟರೂ ಅಲ್ಲ. ಅವ್ರೇ ನೋಡಿ ಹೇಳ್ಬೇಕು. ನನ್ನ ಸಂಶೋಧನೆ ಫಲ ಕೊಡಕ್ಕೆ ಎಷ್ಟು ವರ್ಷ ಬೇಕೋ. ನಿಮಗೆ ನಾಳೆ ಬೆಳಿಗ್ಗೆನೇ ಬಸ್ಸೈತೆ."

"ಗಂಡಿನ ಕಡೆಯೋರಿಗೆ ಗೊತ್ತಾದ್ರೆ?"

"ಗೊತ್ತಾಗ್ಲಿ ಬಿಡು," ಎಂದೆ ನಾನು. "ತಾಯಿ ಇಲ್ಲದ ಮದುವೆ ಮಾಡಾನೇನು?"

ಮರುದಿನ ಮೊದಲ ಬಸ್ಸಿಗೆ ಹರಿಹರ, ಅಲ್ಲಿಂದ ದಾವಣಗೆರೆಯ ಆಸ್ಪತ್ರೆ. ಪರೀಕ್ಷೆಯಾಯಿತು. ಗಂಟು ಕ್ಯಾನ್ಸರೇ ಆಗಿತ್ತು. "ಇನ್ನೂ ಹರಡಿಲ್ಲ, ಬೇಗ ಬಂದಿದ್ದೀರಿ," ಎಂದರು ಡಾಕ್ಟರಮ್ಮ. ಆ ಮಾತನ್ನು ನನ್ನ ಮಗಳಿಗೆ ಯಾರೂ ಹೇಳಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಶಸ್ತ್ರಚಿಕಿತ್ಸೆ ಆಯಿತು, ಔಷಧಿ ಆಯಿತು. ಕೂದಲು ಉದುರಿತು, ಮತ್ತೆ ಬಂತು. ಗಂಡಿನ ಮನೆಗೆ ನಾನೇ ಹೋಗಿ ಎಲ್ಲವನ್ನೂ ಹೇಳಿದೆ. ಗಂಡಿನ ತಾಯಿ, "ನಮ್ಮಕ್ಕಂಗೂ ಅದೇ ಆಗಿತ್ರಿ. ಇವತ್ತಿನವರೆಗೂ ಯಾರ ಮುಂದೂ ಹೇಳಿರಲಿಲ್ಲ," ಎಂದರು.

ಮರುವರ್ಷ ಮದುವೆ. ಪೂಜಾಳಿಗೆ ಬಳೆ ತೊಡಿಸಿದ ಮಾಬೂಬೀ ಬಸವಣ್ಣೆಮ್ಮನ ಎಡಗೈಯನ್ನೂ ಹಿಡಿದಳು. ಶಸ್ತ್ರಚಿಕಿತ್ಸೆಯಾದ ಕಡೆಯ ಕೈ ಊದಿಕೊಳ್ಳಬಹುದು, ಅದಕ್ಕೆ ಸಡಿಲವಾದ ಬಳೆಯನ್ನೇ ತೊಡಿಸಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಮಾಬೂಬೀ ಉಸಿರು ಬಿಗಿಹಿಡಿದು ಹಸಿರು ಬಳೆ ಏರಿಸಿದಳು. "ಏರ್ತು ನೋಡ್ರಿ ಯಜಮಾನ್ರೆ!" ಎಂದು ಕೂಗಿಯೇಬಿಟ್ಟಳು.

ಆ ವರ್ಷ ಹೆಳವಯ್ಯ ಬಂದಾಗ, ನಮ್ಮ ಮನೆಯ ಹೆಣ್ಣುಮಕ್ಕಳ ಹೆಸರನ್ನೂ ಬರೆ ಎಂದೆ. "ಪದ್ಧತಿ ಇಲ್ಲವಲ್ರಿ," ಎಂದ. "ಇವತ್ತಿಂದ ಐತೆ. ಬರಿ," ಎಂದೆ. ಅಂಜಿನವ್ವನ ಹೆಸರು ಬಂತು, ಅವಳ ತಂಗಿಯದು ಬಂತು, ಬಸವಣ್ಣೆಮ್ಮನದು ಬಂತು. ನನ್ನ ಹೆಸರಿನ ಕೆಳಗೆ ಕೊಟ್ರಮ್ಮ ಎಂದು ಬರೆದಾಗ ನಾನು ಆ ಅಕ್ಷರಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಅಕ್ಕಂದಿರೇ, ಅಣ್ಣಂದಿರೇ, ಇಂದು ಸಂಜೆ ದೀಪ ಹಚ್ಚಿದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ತಾಯಿಯ ಕಡೆ, ತಂದೆಯ ಕಡೆ, ಎರಡೂ ಕಡೆಯ ಹೆಣ್ಣುಮಕ್ಕಳ ಹೆಸರು ಬರೆಯಿರಿ. ಯಾರಿಗೆ ಯಾವ ಕಾಯಿಲೆ, ಯಾವ ವಯಸ್ಸಿನಲ್ಲಿ ಬಂತು ಎಂದು ಹಿರಿಯರನ್ನು ಕೇಳಿ ಬರೆಯಿರಿ. ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿ. ಎದೆಯಲ್ಲಿ ಗಂಟು ಕಂಡರೆ, ನೋವಿಲ್ಲದಿದ್ದರೂ, ಮದುವೆ ಕಳೆಯಲಿ, ಹಬ್ಬ ಕಳೆಯಲಿ ಎನ್ನದೆ ನಾಳೆಯೇ ಹೋಗಿ. ಜೊತೆಗೆ ಬರುವವರಿಲ್ಲದಿದ್ದರೆ ಭಾನುವಳ್ಳಿಗೆ ಹೇಳಿಕಳಿಸಿ. ಮೊದಲ ಬಸ್ಸಿಗೆ ನಾನು ಬರುತ್ತೇನೆ.