ಪಂಚಮಿಯ ದಿನ ಮುಟ್ಟಿದ ಹುಳ

ಬೇರೆ ಗಂಡಸರಿಗೆ ರೇಸು, ಇಸ್ಪೀಟಿನ ಹುಚ್ಚು ಇದ್ದರೆ ನಮ್ಮವರಿಗೆ ಹುಳದ ಹುಚ್ಚು. ವಾರಕ್ಕೆ ಆರು ದಿನ ಬೈಕುಲ್ಲಾದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವುದು, ಏಳನೆಯ ದಿನ ಬೊರಿವಲಿಯ ಕಾಡಿಗೆ ಹೋಗಿ ಕೆಸರಲ್ಲಿ ಬೋರಲು ಮಲಗುವುದು. ಚೋರ್ ಬಜಾರಿನಿಂದ ತಂದ ಹಳೆಯ ಜರ್ಮನ್ ಕ್ಯಾಮೆರಾಕ್ಕೆ ಲೇತಿನ ಮೇಲೆ ತಾವೇ ಒಂದು ಹಿತ್ತಾಳೆ ಕೊಳವೆ ಮಾಡಿ ಲೆನ್ಸಿನ ಹಿಂದೆ ಕೂರಿಸಿದ್ದರು. ಕೊಳವೆ ಇದ್ದರೆ ಗೇಣು ದೂರದಿಂದ ಫೋಟೊ ತೆಗೆಯಬಹುದಂತೆ, ಇರುವೆ ಹೆಬ್ಬೆರಳಿನಷ್ಟು ಕಾಣುತ್ತದಂತೆ. ಇರುವೆಯನ್ನು ಅಷ್ಟು ದೊಡ್ಡದು ಮಾಡಿ ಯಾರಿಗೆ ಏನಾಗಬೇಕಿತ್ತೋ, ನನಗಂತೂ ತಿಳಿಯುತ್ತಿರಲಿಲ್ಲ.

ಐವತ್ತೈದನೆಯ ಇಸವಿಯಲ್ಲಿ ನಾಗರ ಪಂಚಮಿ ಭಾನುವಾರವೇ ಬಂತು. ಬೆಳಿಗ್ಗೆಯೇ ಚೀಲ ಹೆಗಲಿಗೇರಿಸಿ ಹೊರಟರು.

"ಇವತ್ತರ ನಾಗಪ್ಪಗ ಹಾಲೆರದು ಹೋಗ್ರಿ," ಅಂದೆ.

"ಮಳಿ ನಿಂತೈತಿ. ಇಂಥಾ ಬೆಳಕು ಮತ್ತ ಸಿಗೂದಿಲ್ಲ."

"ಹಂಗಾದ್ರ ಆ ಹುಳದ ಜೋಡೀನ ಸಂಸಾರ ಮಾಡ್ರಿ! ಮನಿಗೆ ಬರಬ್ಯಾಡ್ರಿ!"

ಅವರು ಬಾಗಿಲು ದಾಟಿಯಾಗಿತ್ತು. ನಾನೂ ತಿರುಗಿ ನೋಡಲಿಲ್ಲ.

ಹನ್ನೊಂದರ ಹೊತ್ತಿಗೆ ಮೋನಪ್ಪ ಮೆಟ್ಟಿಲು ಹತ್ತಿ ಬಂದ. ಚೆಂಬೂರಿನ ನಮ್ಮ ಬಿಲ್ಡಿಂಗಿನ ಕೆಳಗೆ ಇದ್ದ ಉಡುಪಿ ಹೋಟೆಲಿನ ಮ್ಯಾನೇಜರ್ ಆತ, ಮಂಗಳೂರಿನ ಕಡೆಯವನು. ನಮಗೆಲ್ಲ ಇದ್ದದ್ದು ಆ ಹೋಟೆಲಿನ ಫೋನೊಂದೇ.

"ಅಕ್ಕ, ಬೊರಿವಲಿಯಿಂದ ಫೋನ್ ಬಂತು. ಡಾಕ್ಟ್ರ ಕಂಪೌಂಡರ್, ಮರಾಠಿಯವ. ಕಾಶಪ್ಪನವರಿಗೆ ಹುಳ ಮುಟ್ಟಿದೆಯಂತೆ. ಕಣ್ಣು ಬಿಡ್ಲಿಕ್ಕೆ ಆಗುದಿಲ್ವಂತೆ. ಯಾರಾದ್ರೂ ಬಂದು ಕರ್ಕೊಂಡು ಹೋಗ್ಬೇಕಂತೆ."

ನನ್ನ ಕೈಯಲ್ಲಿದ್ದ ಹಾಲಿನ ಲೋಟ ಬಿತ್ತು. ನಮ್ಮ ನವಲಗುಂದದ ಕಡೆ ಹಾವು ಕಚ್ಚಿತು ಎಂದು ಯಾರೂ ಬಾಯಿಬಿಟ್ಟು ಅನ್ನುವುದಿಲ್ಲ. ಹಾಗೆ ಅಂದರೆ ವಿಷ ಏರುತ್ತದೆಂಬ ಹೆದರಿಕೆ. ಹುಳ ಮುಟ್ಟಿತು ಅನ್ನುತ್ತೇವೆ, ಅಷ್ಟೇ. ಅದೂ ಪಂಚಮಿಯ ದಿನ, ಹಾಲೆರೆಯದೆ ಹೋದವರಿಗೆ! ಮನೆಗೆ ಬರಬೇಡಿ ಎಂದವಳು ನಾನೇ.

ಮೋನಪ್ಪ ಗಲ್ಲಾ ಬೇರೆಯವರಿಗೆ ಒಪ್ಪಿಸಿ ಜೊತೆಗೆ ಬಂದ. ಗಾಡಿ ಹತ್ತಿ ಕಿಟಕಿಯ ಸರಳು ಹಿಡಿದು ಕೂತೆ.

"ಗಾಬರಿ ಮಾಡ್ಬೇಡಿ ಅಕ್ಕ. ಎರಡು ದಿನದಲ್ಲಿ ಇಳೀತದೆ," ಅಂದ ಆತ.

ವಿಷ ಎರಡು ದಿನ ಕಾಯುತ್ತದೆಯೇ? ದಾದರಿನಲ್ಲಿ ಗಾಡಿ ಬದಲಿಸುವಾಗ "ಚಾ ಕುಡೀತೀರಾ?" ಎಂದು ಬೇರೆ ಕೇಳಿದ. ಈ ಮನುಷ್ಯನಿಗೆ ಕರುಳು ಅನ್ನುವುದೇ ಇಲ್ಲ ಅನ್ನಿಸಿತು. ನಾನು ಸೆರಗು ಬಾಯಿಗೊತ್ತಿಕೊಂಡು ಮನಸ್ಸಿನಲ್ಲೇ ಹರಕೆ ಹೊತ್ತೆ. ತಾಯಿ ಎಲ್ಲವ್ವ, ಇವರನ್ನು ಉಳಿಸಿಕೊಡು. ಇನ್ನು ಹುಳದ ಬಗ್ಗೆ ಒಂದು ಮಾತೂ ಆಡುವುದಿಲ್ಲ, ನಾನೇ ಆ ಚೀಲ ಹೊತ್ತು ಕಾಡಿಗೆ ಹೋಗುತ್ತೇನೆ. ಬೊರಿವಲಿ ಬರುವವರೆಗೆ ಇದನ್ನೇ ನೂರು ಸಲ ಅಂದುಕೊಂಡಿರಬೇಕು.

ದವಾಖಾನೆಯ ಬೆಂಚಿನ ಮೇಲೆ ನಮ್ಮವರು ಕೂತಿದ್ದರು. ಮುಖಕ್ಕೆಲ್ಲ ಗುಲಾಬಿ ಬಣ್ಣದ ಔಷಧ ಬಳಿದಿತ್ತು. ಕಣ್ಣೆರಡೂ ಪೂರಿಯ ಹಾಗೆ ಉಬ್ಬಿ ಮುಚ್ಚಿಕೊಂಡಿದ್ದವು. ಕ್ಯಾಮೆರಾ ತೊಡೆಯ ಮೇಲೆ ಭದ್ರವಾಗಿತ್ತು.

"ಎಲ್ಲಿ ಕಚ್ಚೇತ್ರಿ?" ಎಂದು ಕಿರುಚಿದೆ.

"ರಾಚವ್ವ ಬಂದ್ಯಾ? ಕಚ್ಚಿಲ್ಲ, ಬರೇ ಮುಟ್ಟೇತಿ. ಕಂಬಳಿಹುಳ. ಫೋಟೊ ತಗಿಯೂ ಭರದಾಗ ಎಲಿಗೆ ಮಾರಿ ಹಚ್ಚಿಬಿಟ್ಟೆ. ಮ್ಯಾಲೆ ಕಣ್ಣು ಬ್ಯಾರೆ ತಿಕ್ಕೊಂಡೆ. ಏನ್ ಚಂದ ಇತ್ತಂತಿ ಅದು!"

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು, ಅದರ ಹಿಂದೆಯೇ ನಗು ಬಂತು. ಎದ್ದು ಅವರ ಬೆನ್ನಿಗೆ ಎರಡು ಗುದ್ದಿದೆ. ಎದೆಯ ಮೇಲಿನ ಬೀಸುವ ಕಲ್ಲನ್ನು ಯಾರೋ ಎತ್ತಿ ಕೆಳಗಿಟ್ಟಂತಾಗಿತ್ತು. ಹಾವೆಂದು ತಿಳಿದು ಬಂದೆನೆಂದಾಗ ಮೋನಪ್ಪ ಕಕ್ಕಾಬಿಕ್ಕಿಯಾದ.

"ಮಾರಾಯ್ರೆ, ಅವ 'ಕಿಡಾ ಲಾಗಲಾ' ಅಂದ. ನಾನು ಹುಳ ಮುಟ್ಟಿದೆ ಅಂದೆ. ಹಾವು ಅಂತ ನಾನು ಯಾವಾಗ ಹೇಳಿದ್ದು?"

"ಆಗ್ಲಿ ಬಿಡಪ್ಪಾ ಮೋನಪ್ಪಣ್ಣ. ಈಗ ಚಾ ಕುಡಸು," ಅಂದೆ.

ಕಣ್ಣಿನ ಬಾವು ಎರಡೇ ದಿನಕ್ಕೆ ಇಳಿಯಿತು. ಹರಕೆ ಮಾತ್ರ ಹಾಗೇ ಉಳಿದಿತ್ತು. ಮುಂದಿನ ಭಾನುವಾರ ಚೀಲವನ್ನು ನನ್ನ ಹೆಗಲಿಗೆ ಹಾಕಿಕೊಂಡೆ. ನಮ್ಮವರು ಬಾಯಿ ಬಿಟ್ಟುಕೊಂಡು ನೋಡಿದರು. ಕಾಡಿನಲ್ಲಿ ಒಂದು ಹಸಿರು ಮಿಡತೆಯ ಮುಂದೆ ಅವರು ಬೋರಲು ಮಲಗಿದರು. ನಾನು ಮೇಲೆ ಛತ್ರಿ ಹಿಡಿದು ಬಗ್ಗಿದೆ.

"ಉಸಿರು ಹಿಡಿ," ಎಂದು ಪಿಸುಗುಟ್ಟಿದರು. "ಎಲಿ ಅಲ್ಲಾಡತೈತಿ."

"ಅದನ್ನ ನನಗ ಕಲಸಬ್ಯಾಡ್ರಿ. ಹ್ವಾದ ಐತವಾರ ಚೆಂಬೂರಿಂದ ಬೊರಿವಲಿತನಾ ಹಿಡದ ಬಂದೀನಿ."

ಅವರು ಗುಂಡಿ ಒತ್ತಲಿಲ್ಲ. ತಲೆ ಎತ್ತಿ ನನ್ನನ್ನೇ ನೋಡುತ್ತ ಉಳಿದರು. ಅಷ್ಟರಲ್ಲಿ ಮಿಡತೆ ಹಾರಿಹೋಯಿತು.